ಹಾಡು ಕೇಳುವ ಕೋಣೆಗೆ ಎಂಥ ಸ್ಪೀಕರ್ ತಗೊಳ್ಳಲಿ? ಅನುಭವ ಇದ್ದವರು ಹೇಳಿ

ಪ್ರಶ್ನೆ (ಧಾರವಾಡದಿಂದ): ಹೊಸ ಮನೆ ಕಟ್ಟಿಸುತ್ತಿದ್ದೇನೆ. ಮೇಲಿನ ಮಹಡಿಯಲ್ಲಿ ಹಾಡು ಕೇಳೋದಕ್ಕೆಂದೇ ಒಂದು ಕೋಣೆ ಇಟ್ಟುಕೊಂಡಿದ್ದೇನೆ. 12 ಅಡಿಗೆ 12 ಅಡಿ, ಎತ್ತರ 10. ಗೋಡೆ ಇನ್ನೂ ಎದ್ದಿಲ್ಲ. ಸ್ಪೀಕರಿಗೆ 5 ಲಕ್ಷ ತೆಗೆದಿಟ್ಟಿದ್ದೇನೆ. ಕೇಳುವುದು ಹೆಚ್ಚಾಗಿ ಮಲ್ಲಿಕಾರ್ಜುನ ಮನ್ಸೂರ, ಗಂಗೂಬಾಯಿ ಹಾನಗಲ್, ಕುಮಾರ ಗಂಧರ್ವ. ಆಳೆತ್ತರದ ದೊಡ್ಡ ಸ್ಪೀಕರೇ ತಗೊಳ್ಳಿ ಅಂತ ಅಂಗಡಿಯವರು ಹೇಳುತ್ತಾರೆ. ನಿಮ್ಮ ಅನುಭವ ಏನು?

ಮೈಸೂರಿನಿಂದ: ಸರ್, ಗೋಡೆ ಇನ್ನೂ ಎದ್ದಿಲ್ಲ ಅಂದಿರಲ್ಲ, ಅದೇ ನಿಮ್ಮ ಅದೃಷ್ಟ. ಸ್ಪೀಕರ್ ವಿಷಯ ಆಮೇಲೆ. ಮೊದಲು ಎಂಜಿನಿಯರ್ ಹತ್ತಿರ ಕೂತು ಒಂದು ಗೋಡೆಯನ್ನು 3 ಅಡಿ ಆಚೆ ಸರಿಸೋಕೆ ಆಗುತ್ತಾ ಕೇಳಿ. ಚೌಕ ಕೋಣೆ ಹಾಡಿಗೆ ಒಗ್ಗುವುದಿಲ್ಲ. ಎದುರುಬದುರು ಗೋಡೆಗಳ ನಡುವೆ ಒಂದು ತಗ್ಗು ಸ್ವರ ಸಿಕ್ಕಿಕೊಂಡು ಊದಿಕೊಳ್ಳುತ್ತದೆ. 12 ಅಡಿಗೆ ಅದು ಸುಮಾರು 47 ಹರ್ಟ್ಜ್, ಅಂದರೆ ಸೆಕೆಂಡಿಗೆ 47 ಕಂಪನ. ಉದ್ದವೂ ಅಗಲವೂ 12 ಆದರೆ ಎರಡೂ ಒಂದೇ ಕಡೆ ಬಂದು ಕೂರುತ್ತವೆ. ಉದ್ದ 15 ಮಾಡಿದರೆ ಉದ್ದ, ಅಗಲ, ಎತ್ತರದ ಸ್ವರಗಳು 38, 47, 56 ಅಂತ ಹಂಚಿಹೋಗುತ್ತವೆ.

ಇದು ಗೊತ್ತಿಲ್ಲದೆ ನಾನು ತುಂಬಾ ದುಡ್ಡು ಕಳೆದುಕೊಂಡೆ. 11ಕ್ಕೆ 13ರ ಕೋಣೆಗೆ, ತಗ್ಗು ಸ್ವರ ನುಡಿಸುವ ಎರಡೆರಡು 8 ಇಂಚಿನ ವೂಫರ್ ಇರುವ ಜೋಡಿ ತಂದೆ. ಅಂಗಡಿಯ ದೊಡ್ಡ ಹಾಲಿನಲ್ಲಿ ಕೇಳಿದಾಗ ಕಣ್ಣಲ್ಲಿ ನೀರು ಬಂದಿತ್ತು. ಮನೆಗೆ ಬಂದ ಮೇಲೆ ಮೃದಂಗದ ಗುಮುಕಿ (ಎಡಗಡೆಯ ಗುಂ ಅನ್ನುವ ತಗ್ಗು ನಾದ) ಬಿದ್ದಾಗಲೆಲ್ಲ ಬೀರುವಿನ ಕನ್ನಡಿ ಜಿರ್ ಅನ್ನುತ್ತಿತ್ತು. ಒಂದು ಗುಮುಕಿ ಆರುವ ಮೊದಲೇ ಇನ್ನೊಂದು ಬಂದು ಕಲಸಿಹೋಗುತ್ತಿತ್ತು. ಕೊನೆಗೊಂದು ದಿನ 43 ಹರ್ಟ್ಜ್ ಸ್ವರ ಒಂದನ್ನೇ ಹಾಕಿ ಕೋಣೆಯಲ್ಲಿ ಮೆಲ್ಲಗೆ ನಡೆದು ನೋಡಿದೆ. ಹಿಂದಿನ ಗೋಡೆ ಹತ್ತಿರ ಎದೆ ಅದುರುತ್ತಿತ್ತು. ನಟ್ಟನಡುವೆ ಬಂದರೆ ಸದ್ದೇ ಇಲ್ಲವೇನೋ ಅನ್ನುವ ಹಾಗೆ! ನನ್ನ ಕುರ್ಚಿ ಇದ್ದದ್ದು ಹಿಂದಿನ ಗೋಡೆಗೆ ಅಂಟಿಕೊಂಡು.

ಅರ್ಧ ಬೆಲೆಗೆ ಅದನ್ನು ಮಾರಿ, ಸ್ಟ್ಯಾಂಡ್ ಮೇಲೆ ಇಡುವ ಚಿಕ್ಕ ಜೋಡಿ ತಂದೆ. ಹಿಂದೆ ಮುಂದೆ ಎಲ್ಲೂ ಗಾಳಿ ಬಿಡುವ ತೂತಿಲ್ಲದ, ಪೂರ್ತಿ ಮುಚ್ಚಿದ ಪೆಟ್ಟಿಗೆ. 1970ರ ದಶಕದ ಆರಂಭದಲ್ಲಿ ಬಿಬಿಸಿಯವರು ಪ್ರಸಾರದ ವ್ಯಾನಿನೊಳಗೆ ಕೂತು ಕೇಳೋಕೆ ಅಂತ ಎಲ್‌ಎಸ್3/5ಎ ಮಾಡಿದರಲ್ಲ, ಆ ಜಾತಿಯದು. ಒಂದು ಅಡಿ ಎತ್ತರ ಅಷ್ಟೇ. ಹಾರ್ಬೆತ್ ಕಂಪನಿಯ ಪಿ3ಇಎಸ್‌ಆರ್ ಕೂಡ ಅದೇ ದಾರಿಯದು. ನೀವು ಕೇಳುವ ಗಾಯನಕ್ಕೆ ಇದು ಸಾಲುತ್ತದೆ. ಹಾರ್ಮೋನಿಯಂನ ಕಪ್ಪು ಒಂದಕ್ಕೆ (ಮೊದಲ ಕಪ್ಪು ಮನೆಗೆ) ಶ್ರುತಿ ಮಾಡಿದ ಗಂಡು ತಂಬೂರಿಯ ಖರಜದ, ಅಂದರೆ ಎಲ್ಲಕ್ಕಿಂತ ತಗ್ಗಿನ, ತಂತಿಯೇ ಸುಮಾರು 69 ಹರ್ಟ್ಜ್. ಅದಕ್ಕೆ 25 ಹರ್ಟ್ಜ್‌ವರೆಗೆ ಇಳಿಯುವ ಸ್ಪೀಕರ್ ಯಾಕೆ ಬೇಕು? ಒಂದು ಮಾತು, ಇಂಥ ಪೆಟ್ಟಿಗೆಗಳ ಸೆನ್ಸಿಟಿವಿಟಿ (ಅಷ್ಟೇ ವಾಟಿಗೆ ಎಷ್ಟು ಸದ್ದು ಬರುತ್ತೆ ಅನ್ನೋದು) ಕಡಿಮೆ, 83 ಡೆಸಿಬೆಲ್ ಆಸುಪಾಸು. 3 ಡೆಸಿಬೆಲ್ ಕಡಿಮೆಯಾದರೆ ಅಷ್ಟೇ ಸದ್ದಿಗೆ ಎರಡರಷ್ಟು ವಾಟ್ ಬೇಕು. ಒಳ್ಳೆ ಆಂಪ್ಲಿಫೈಯರಿಗೂ ದುಡ್ಡು ಎತ್ತಿಡಿ.

ಬೆಂಗಳೂರಿನಿಂದ: ಮೇಲಿನವರು ಹೇಳಿದ್ದು ನಿಜ. ನನ್ನದು ಒಂದೇ ಸ್ಪೀಕರ್, ಎರಡು ಮನೆ. ನ್ಯೂಜೆರ್ಸಿಯಲ್ಲಿದ್ದಾಗ ಮರದ ಚೌಕಟ್ಟಿಗೆ ಜಿಪ್ಸಂ ಹಲಗೆ ಬಡಿದ ಗೋಡೆ, ಕಾಲು ಹೂತುಹೋಗುವಂಥ ಕಾರ್ಪೆಟ್. ಬಾಸ್ (ತಗ್ಗು ಸ್ವರ) ಹದವಾಗಿತ್ತು. ಅದೇ ಜೋಡಿಯನ್ನು ಇಲ್ಲಿಗೆ ತಂದು, ಹೆಚ್ಚುಕಮ್ಮಿ ಅಷ್ಟೇ ದೊಡ್ಡ ಕೋಣೆಯಲ್ಲಿ ಇಟ್ಟರೆ ತಲೆನೋವು. ಆ ತೆಳು ಗೋಡೆ ತಗ್ಗು ಸ್ವರವನ್ನು ಅಷ್ಟಿಷ್ಟು ಆಚೆ ಬಿಟ್ಟುಬಿಡುತ್ತಿತ್ತು. ನಮ್ಮ ಇಟ್ಟಿಗೆ ಗೋಡೆ, ಕಾಂಕ್ರೀಟ್ ತಾರಸಿ, ಗ್ರಾನೈಟ್ ನೆಲ ಹೆಚ್ಚುಕಡಿಮೆ ಪೂರ್ತಿ ವಾಪಸ್ ಎಸೆಯುತ್ತವೆ. ಹಾಗಾಗಿ ಹೊರದೇಶದ ವಿಮರ್ಶೆಯಲ್ಲಿ "ಬಾಸ್ ಸ್ವಲ್ಪ ಕಡಿಮೆ" ಅಂತ ಬರೆದಿರುವ ಸ್ಪೀಕರನ್ನು ನಾನು ಮೊದಲು ಕೇಳಿ ನೋಡುತ್ತೇನೆ.

ನವಲಗುಂದದ ಜಮಖಾನ ಹಾಸಿದೆ. ಚಪ್ಪಾಳೆ ತಟ್ಟಿದರೆ ಟಣ್ ಅನ್ನುತ್ತಿದ್ದದ್ದು ನಿಂತಿತು, ಬಾಸ್ ಒಂಚೂರೂ ಅಲುಗಲಿಲ್ಲ. ತೆಳು ಬಟ್ಟೆ ಮೇಲಿನ ಸ್ವರಗಳನ್ನಷ್ಟೇ ಹೀರುತ್ತದೆ. ಮೂಲೆಗಳಲ್ಲಿ ನೆಲದಿಂದ ತಾರಸಿವರೆಗೆ ಕಲ್ಲಿನ ನಾರಿನ ದಪ್ಪನೆ ರಾಕ್‌ವೂಲ್ ತುಂಬಿ ಬಟ್ಟೆ ಹೊದಿಸಿದ ಮೇಲೆಯೇ ವ್ಯತ್ಯಾಸ ಗೊತ್ತಾದದ್ದು. ಮೊಟ್ಟೆ ಟ್ರೇ ಸುಮ್ನೆ ದಂಡ, ಅಂಟಿಸಬೇಡಿ.

ಧಾರವಾಡದಿಂದ: ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಎಂಜಿನಿಯರ್ ಒಪ್ಪಿದರು, 15 ಅಡಿ ಆಗುತ್ತದಂತೆ. ಪಕ್ಕದ ಸ್ಟೋರ್ ರೂಮ್ ಚಿಕ್ಕದಾಗುತ್ತದೆ, ಮನೆಯವರನ್ನೂ ಒಪ್ಪಿಸಿದೆ. ಇನ್ನು ಸ್ಪೀಕರ್ ಎಲ್ಲಿ, ಕುರ್ಚಿ ಎಲ್ಲಿ?

ಮೈಸೂರಿನಿಂದ: ಭಾಳ ಸಂತೋಷ ಆಯ್ತು ಸರ್! 12 ಅಡಿಯ ಗೋಡೆ ಕಡೆ ಸ್ಪೀಕರ್ ಇಡಿ, ಗೋಡೆಯಿಂದ 2–3 ಅಡಿ ಮುಂದಕ್ಕೆ. ಕುರ್ಚಿ ಹಿಂದಿನ ಗೋಡೆಯಿಂದ ಐದೂವರೆ ಅಡಿ. ಅಲ್ಲಿಂದ ಶುರು ಮಾಡಿ, ಆಮೇಲೆ ಅರ್ಧರ್ಧ ಅಡಿ ಸರಿಸುತ್ತಾ ಕಿವಿಗೆ ಬಿಡಿ. ಕೊಳ್ಳುವ ಮೊದಲು ಎರಡು ದಿನ ಮನೆಗೆ ಕೊಡಿ ಅಂತ ಕೇಳಿ. ಕೊಡದ ಅಂಗಡಿಯಲ್ಲಿ ಅಷ್ಟು ದುಡ್ಡು ಹಾಕಬೇಡಿ. ಪ್ಲಾಸ್ಟರ್ ಆಗುವ ಮುಂಚೆ ಆ ಗೋಡೆಗೆ ಬೇರೆಯೇ ಲೈನ್ ಎಳೆಸಿ, ಒಳ್ಳೆ ಅರ್ಥಿಂಗ್ ಕೊಡಿಸಿಬಿಡಿ. ಆಮೇಲೆ ಗೋಡೆ ಕೊರೆಸುವುದು ಬೇಡ.