‘ಗ್ಯಾಸ್ಟ್ರೈಟಿಸ್’ ಎಂಬುದಕ್ಕೆ ‘ಜಠರದ ಉರಿಯೂತ’ ಸಾಕೇ?

ಬಲ್ಲವರಲ್ಲಿ ಒಂದು ಪದದ ಬಗ್ಗೆ ಕೇಳುವುದಿದೆ. ಹೊರರೋಗಿಗಳಿಗೆ ಹಂಚಲೆಂದು ‘ಗ್ಯಾಸ್ಟ್ರೈಟಿಸ್’ ಕುರಿತ ನಾಲ್ಕು ಪುಟಗಳ ಕೈಪಿಡಿಯೊಂದನ್ನು ಕನ್ನಡದಲ್ಲಿ ಸಿದ್ಧಪಡಿಸುತ್ತಿದ್ದೇನೆ. ರೂಢಿಯಲ್ಲಿರುವಂತೆ ‘ಜಠರದ ಉರಿಯೂತ’ ಎಂದು ಬರೆದು, ಕರಡನ್ನು ನಮ್ಮ ಅತ್ತೆಯವರಿಗೆ ಓದಿ ಹೇಳಿದೆ. ಅವರ ಎಂಡೋಸ್ಕೋಪಿ ವರದಿಯಲ್ಲಿಯೂ ಇದೇ ರೋಗದ ಹೆಸರಿತ್ತು. ಅವರು ಪೂರ್ತಿ ಕೇಳಿ, “ನನಗೆ ಉರಿಯೂ ಇಲ್ಲ, ಊತವೂ ಇಲ್ಲ, ಊಟ ಸೇರೋದಿಲ್ಲ ಅಷ್ಟೆ. ಇದು ಬೇರೆ ಯಾರದೋ ಕಾಯಿಲೆ ಇರಬೇಕು ನೋಡಪ್ಪಾ” ಎಂದರು. ಅಂದಿನಿಂದ ಈ ಪದ ನನ್ನನ್ನು ಕಾಡುತ್ತಿದೆ.

‘ಉರಿಯೂತ’ ಸೊಗಸಾದ ಪದ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ರೋಮಿನ ವೈದ್ಯಗ್ರಂಥಕಾರ ಸೆಲ್ಸಸ್ ಒಂದನೆಯ ಶತಮಾನದಲ್ಲಿಯೇ ಇದರ ನಾಲ್ಕು ಲಕ್ಷಣಗಳನ್ನು ಕೆಂಪು, ಊತ, ಬಿಸಿ, ನೋವು ಎಂದು ಹೇಳಿದ್ದನು. ಅವುಗಳಲ್ಲಿ ಎರಡನ್ನು ನಮ್ಮವರು ಒಂದು ಸಂಧಿಯಲ್ಲಿ ಹಿಡಿದಿಟ್ಟಿದ್ದಾರೆ. ಮೊಣಕಾಲಿಗೋ ಚರ್ಮದ ಮೇಲೆದ್ದ ಕುರುವಿಗೋ ಅದು ಒಪ್ಪುತ್ತದೆ, ಏಕೆಂದರೆ ಅಲ್ಲಿ ಉರಿಯೂ ಊತವೂ ಕಣ್ಣಿಗೆ ಕಾಣುತ್ತವೆ, ಕೈಗೆ ತಾಕುತ್ತವೆ. ಜಠರದಲ್ಲಿ ಹಾಗಲ್ಲ. ಅಲ್ಲಿ ಉರಿಯೂತವೆಂದರೆ ಒಳಪೊರೆಯೊಳಕ್ಕೆ ಬಿಳಿರಕ್ತಕಣಗಳು ನುಗ್ಗಿ ನೆಲೆಸಿರುವುದು, ಮತ್ತು ಅದು ಖಚಿತವಾಗುವುದು ಸೂಕ್ಷ್ಮದರ್ಶಕದ ಕೆಳಗೆ ಮಾತ್ರ. ಉರಿಯೂತವಿರುವ ಅನೇಕರಿಗೆ ಯಾವ ತೊಂದರೆಯೂ ತಿಳಿಯುವುದಿಲ್ಲ. ದಿನವೂ ಉರಿ ಅನುಭವಿಸುವ ಅನೇಕರ ಒಳಪೊರೆ ನೆಟ್ಟಗೇ ಇರುತ್ತದೆ. ರೋಗಿಯ ಅನುಭವವನ್ನು ಹೇಳುವಂತೆ ಕೇಳಿಸುವ ಪದವೊಂದು ರೋಗಿಗೆ ಗೊತ್ತೇ ಆಗದ ಸಂಗತಿಯನ್ನು ಹೇಳಬೇಕಾಗಿ ಬಂದಿರುವುದೇ ಇಲ್ಲಿನ ತೊಡಕು.

ಆಡುನುಡಿಯಲ್ಲಿ ಹುಡುಕೋಣವೆಂದರೆ ಅಲ್ಲಿಯೂ ದಾರಿಯಿಲ್ಲ. ‘ಹೊಟ್ಟೆಯುರಿ’, ‘ಹೊಟ್ಟೆಕಿಚ್ಚು’ ಎರಡನ್ನೂ ಮತ್ಸರವು ಎಂದೋ ವಶಪಡಿಸಿಕೊಂಡಿದೆ. ‘ಎದೆಯುರಿ’ ಅನ್ನನಾಳಕ್ಕೆ ಆಮ್ಲ ಮೇಲೇರುವುದರ ಲಕ್ಷಣ, ರೋಗವೇ ಬೇರೆ. ಆಯುರ್ವೇದದ ‘ಆಮ್ಲಪಿತ್ತ’ಕ್ಕೆ ಮಾಧವನಿದಾನವೆಂಬ ಹಳೆಯ ರೋಗನಿರ್ಣಯ ಗ್ರಂಥದಲ್ಲಿ ಪ್ರತ್ಯೇಕ ಅಧ್ಯಾಯವೇ ಇದೆಯಾದರೂ ಅದು ಹುಳಿತೇಗು, ಓಕರಿಕೆ, ಎದೆ ಗಂಟಲುಗಳ ಉರಿ ಮುಂತಾದ ಲಕ್ಷಣಗಳ ಗುಂಪಿನ ಹೆಸರೇ ಹೊರತು ಒಳಪೊರೆಯ ಸ್ಥಿತಿಯ ಹೆಸರಲ್ಲ, ಒಂದರ ಜಾಗದಲ್ಲಿ ಇನ್ನೊಂದನ್ನು ಇಟ್ಟರೆ ಎರಡೂ ಶಾಸ್ತ್ರಗಳಿಗೆ ಅನ್ಯಾಯವಾಗುತ್ತದೆ.

ಇನ್ನು ‘ಗ್ಯಾಸ್ಟ್ರಿಕ್’. ಇಂಗ್ಲಿಷಿನಲ್ಲಿ ‘ಜಠರಕ್ಕೆ ಸಂಬಂಧಿಸಿದ’ ಎಂಬಷ್ಟೇ ಅರ್ಥದ ಈ ಗುಣವಾಚಕವನ್ನು ಕನ್ನಡಿಗರು ನಾಮಪದವಾಗಿಸಿ, ‘ನನಗೆ ಗ್ಯಾಸ್ಟ್ರಿಕ್ ಇದೆ’, ‘ಗ್ಯಾಸ್ಟ್ರಿಕ್ ಆಗಿ ಬೆನ್ನು ಹಿಡಿದುಕೊಂಡಿದೆ’ ಎನ್ನುವವರೆಗೆ ತಂದಿದ್ದೇವೆ. ಮೊದಲೆರಡು ಅಕ್ಷರಗಳ ಸದ್ದಿನಿಂದಾಗಿ ಇದು ‘ಗ್ಯಾಸ್’ ಜೊತೆಗೆ ಬೆರೆತು ವಾಯುವಿನ ಅರ್ಥವನ್ನೂ ಹೊತ್ತುಕೊಂಡಿದೆ. ಎರಡಕ್ಕೂ ಯಾವ ನಂಟೂ ಇಲ್ಲ: ಒಂದು ಗ್ರೀಕಿನಲ್ಲಿ ಹೊಟ್ಟೆ ಎಂಬ ಅರ್ಥದ ‘ಗಾಸ್ಟೆರ್’ನಿಂದ ಬಂದದ್ದು; ಇನ್ನೊಂದನ್ನು 17ನೆಯ ಶತಮಾನದಲ್ಲಿ ವಾನ್ ಹೆಲ್ಮಾಂಟ್ ಎಂಬ ರಸಾಯನಶಾಸ್ತ್ರಜ್ಞನು ‘ಕೇಯಾಸ್’ (ಅವ್ಯವಸ್ಥೆ) ಎಂಬ ಪದವನ್ನು ಮನಸ್ಸಿನಲ್ಲಿಟ್ಟುಕೊಂಡು ಹುಟ್ಟಿಸಿದನು. ಈ ಬೆರಕೆಯಿಂದಾದ ನಷ್ಟ ಬರಿಯ ವ್ಯಾಕರಣದ್ದಲ್ಲ. ಔಷಧದಂಗಡಿಯಲ್ಲಿ ‘ಗ್ಯಾಸ್ ಮಾತ್ರೆ’ ಎಂದು ಕೇಳಿ ಕೊಳ್ಳುವ ಒಮೆಪ್ರಜೋಲ್, ಪ್ಯಾಂಟೊಪ್ರಜೋಲ್‌ಗಳು ಗ್ಯಾಸನ್ನು ತೆಗೆಯುವುದಿಲ್ಲ. ಜಠರದ ಜೀವಕೋಶಗಳು ಆಮ್ಲವನ್ನು ಹೊರಹಾಕುವ ಪಂಪನ್ನು ಅವು ತಡೆಯುತ್ತವೆ. ಊಟಕ್ಕೆ ಸುಮಾರು ಅರ್ಧ ಗಂಟೆ ಮೊದಲು ನುಂಗಬೇಕಾದ ಈ ಮಾತ್ರೆಯನ್ನು ಹೊಟ್ಟೆ ಉಬ್ಬರಿಸಿದ ಮೇಲೆ ನುಂಗಿ ‘ಗುಣ ಕಾಣಲಿಲ್ಲ’ ಎನ್ನುವವರನ್ನು ನೋಡಿದಾಗ, ತಪ್ಪು ಅವರದಲ್ಲ, ಹೆಸರಿನದು ಎನಿಸುತ್ತದೆ.

ಕಾರಣಗಳನ್ನು ಬರೆಯುವಾಗ ಇನ್ನೊಂದು ಗೊಂದಲ ಎದುರಾಯಿತು. ‘ಹೆಲಿಕೋಬ್ಯಾಕ್ಟರ್ ಪೈಲೊರಿ’ ಎಂಬ ಸುರುಳಿಯಾಕಾರದ ಬ್ಯಾಕ್ಟೀರಿಯಾ ಮುಖ್ಯ ಕಾರಣ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ 1982ರಲ್ಲಿ ಇದನ್ನು ಬೆಳೆಸಿ ತೋರಿಸಿದರು. 1984ರಲ್ಲಿ ಮಾರ್ಷಲ್ ಅದನ್ನು ಕುಡಿದೇ ಬಿಟ್ಟರು. 2005ರಲ್ಲಿ ಇಬ್ಬರಿಗೂ ನೊಬೆಲ್ ದೊರೆಯಿತು. ಕುಡಿದ ಮಾರ್ಷಲ್ ಅವರಿಗೆ ‘ಹೊಟ್ಟೆಹುಣ್ಣು’ ಆಯಿತು ಎಂದು ಕೆಲವೆಡೆ ಬರೆಯುವುದುಂಟು. ಅವರಿಗೆ ಆದದ್ದು ಹುಣ್ಣಲ್ಲ, ಉರಿಯೂತ. ನಮ್ಮ ಚರ್ಚೆಯ ಪದವೇ. ಹುಣ್ಣು ಒಳಪೊರೆಯನ್ನು ದಾಟಿ ಆಳಕ್ಕೆ ಇಳಿಯುತ್ತದೆ, ಉರಿಯೂತ ಪೊರೆಯಲ್ಲಿಯೇ ಇರುತ್ತದೆ. ಮಂಡಿನೋವಿಗೆಂದು ನುಂಗುವ ಡೈಕ್ಲೋಫೆನ್ಯಾಕ್, ಐಬುಪ್ರೊಫೇನ್, ಆಸ್ಪಿರಿನ್‌ಗಳ ಕಥೆ ಬೇರೆ. ಲೋಳೆಯ ಕಾವಲನ್ನು ಕಾಪಾಡುವ ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕಗಳನ್ನು ಅವು ತಗ್ಗಿಸುತ್ತವೆ. ಆಗ ಪೊರೆ ಕೆತ್ತಿದಂತಾಗುತ್ತದೆಯೇ ಹೊರತು ಬಿಳಿರಕ್ತಕಣಗಳ ಜಮಾವಣೆ ಅಷ್ಟಾಗಿ ಇರುವುದಿಲ್ಲ. ಮದ್ಯವೂ ಹೀಗೆಯೇ. ರೋಗಶಾಸ್ತ್ರಜ್ಞರು ಇದನ್ನು ‘ಗ್ಯಾಸ್ಟ್ರೋಪತಿ’ ಎಂದು ಬೇರ್ಪಡಿಸುತ್ತಾರೆ, ನಾವು ಅದನ್ನೂ ‘ಉರಿಯೂತ’ದ ಬುಟ್ಟಿಗೇ ಹಾಕುತ್ತೇವೆ. ‘ಪೊರೆಗೆರೆತ’ ಎಂಬ ಪದ ನನಗೆ ಹೊಳೆದಿದೆ, ಆದರೆ ಬಾಯಲ್ಲಿ ನಿಲ್ಲುತ್ತಿಲ್ಲ.

ಖಾರ ತಿಂದದ್ದೇ ಕಾರಣ ಎಂಬ ಜನರ ನಂಬಿಕೆಗೆ ಗಟ್ಟಿ ಆಧಾರವಿಲ್ಲ. ಇರುವ ತೊಂದರೆಯನ್ನು ಖಾರ ಕೆರಳಿಸಬಹುದು. ‘ಖಾರ’ವು ‘ಕ್ಷಾರ’ದ ತದ್ಭವ ಎಂದು ನಿಘಂಟುಗಳು ಹೇಳುವುದನ್ನು ನೆನೆದರೆ ನಗು ಬರುತ್ತದೆ, ಏಕೆಂದರೆ ಆಮ್ಲವನ್ನು ತಣಿಸಲು ವೈದ್ಯರು ಕೊಡುವುದೂ ಕ್ಷಾರವನ್ನೇ.

ನನಗೆ ಹೆಚ್ಚು ಕಷ್ಟ ಕೊಟ್ಟದ್ದು ವಿಶೇಷಣಗಳು. ‘ಅಕ್ಯೂಟ್’ ಎಂಬುದಕ್ಕೆ ಎಲ್ಲರೂ ‘ತೀವ್ರ’ ಎನ್ನುತ್ತಾರೆ. ಓದುವವರು ‘ವಿಪರೀತವಾಗಿದೆ’ ಎಂದು ಹೆದರುತ್ತಾರೆ, ಆದರೆ ಮೂಲಪದ ಹೇಳುವುದು ಥಟ್ಟನೆ ತೊಡಗಿದ್ದನ್ನು. ‘ಕ್ರಾನಿಕ್’ ಎಂಬುದಕ್ಕೆ ಜೀರ್ಣಜ್ವರದ (ಬಹುಕಾಲದ ಜ್ವರ) ಮಾದರಿಯಲ್ಲಿ ‘ಜೀರ್ಣ’ ಎಂಬ ಹಳೆಯ ಪದವಿದೆ. ಜಠರದ ವಿಚಾರದಲ್ಲಿ ಅದನ್ನು ಬಳಸಿದರೆ ಊಟ ಅರಗಿದ ಸುದ್ದಿಯಂತೆ ಕೇಳಿಸುತ್ತದೆ. ಹಾಗಾಗಿ ‘ಹಠಾತ್’, ‘ಬಹುಕಾಲದ’ ಎಂದು ಬರೆದಿದ್ದೇನೆ. ‘ಅಟ್ರೋಫಿಕ್’ ಎಂಬುದಕ್ಕೆ ‘ಕ್ಷಯ’ ಎನ್ನುವಂತಿಲ್ಲ, ಟಿ.ಬಿ. ಎಂದೇ ತಿಳಿಯುತ್ತಾರೆ. ಪೊರೆಯ ಗ್ರಂಥಿಗಳು ನಶಿಸಿ ಅದು ತೆಳುವಾಗುವ ಈ ಬಗೆಯನ್ನು ಸರಿಯಾಗಿ ಹೆಸರಿಸಲೇಬೇಕು, ಏಕೆಂದರೆ ದೇಹದ ರಕ್ಷಣಾವ್ಯವಸ್ಥೆಯೇ ಜಠರದ ಮೇಲೆ ತಿರುಗಿಬಿದ್ದಾಗ ಬಿ12 ಜೀವಸತ್ವ ಹೀರಲ್ಪಡದೆ ರಕ್ತಹೀನತೆ ಬರುತ್ತದೆ, ಮತ್ತು ನಶಿಸಿದ ಪೊರೆಯಲ್ಲಿ ಮುಂದೆ ಕ್ಯಾನ್ಸರಿನ ಅಪಾಯವೂ ಹೆಚ್ಚು. ‘ಸವಕಲು ಪೊರೆಯ ಉರಿಯೂತ’ ಹೇಗೆ?

‘ಪೊರೆ’ಯಲ್ಲಿಯೂ ಒಂದು ಸಿಕ್ಕಿದೆ. ಕಣ್ಣಿಗೆ ಪೊರೆ ಬಂದರೆ ತೆಗೆಸುತ್ತಾರೆ, ಹಾವು ಪೊರೆ ಕಳಚುತ್ತದೆ. ಅತ್ತೆಯವರು ‘ಹೊಟ್ಟೆಯ ಪೊರೆಯನ್ನೂ ತೆಗೆಸಬೇಕೇ’ ಎಂದು ಕೇಳಿದ್ದು ಸಹಜವೇ. ‘ಲೋಳೆಪೊರೆ’ ಎಂದರೆ ಈ ಭಯ ತಪ್ಪುತ್ತದೆ ಎಂದುಕೊಂಡಿದ್ದೇನೆ.

ಪರೀಕ್ಷೆಗಳ ಭಾಗದಲ್ಲಿ ‘ಎಂಡೋಸ್ಕೋಪಿ’ಯನ್ನು ಹಾಗೆಯೇ ಬಿಟ್ಟಿದ್ದೇನೆ, ಕ್ಯಾಮೆರಾ ಇರುವ ಪೈಪನ್ನು ಬಾಯಿಂದ ಇಳಿಸುವುದು ಎಂದು ಒಮ್ಮೆ ವಿವರಿಸಿದರೆ ಸಾಕು. ‘ಬಯಾಪ್ಸಿ’ ಎಂದೊಡನೆ ಕ್ಯಾನ್ಸರ್ ಎಂದೇ ತಿಳಿಯುವುದರಿಂದ ‘ಪೊರೆಯ ಚೂರು ತೆಗೆದು ನೋಡುವುದು’ ಎಂದಿದ್ದೇನೆ. 1990ರಲ್ಲಿ ಮಂಡಿಸಿ 1994ರಲ್ಲಿ ಪರಿಷ್ಕರಿಸಿದ, ಗ್ಯಾಸ್ಟ್ರೈಟಿಸನ್ನು ವರ್ಗೀಕರಿಸುವ ಸಿಡ್ನಿ ಪದ್ಧತಿಯಂತೆ ಜಠರದ ಗೊತ್ತಾದ ಐದು ಕಡೆಗಳಿಂದ ಚೂರು ತೆಗೆಯುತ್ತಾರೆ. ಬ್ಯಾಕ್ಟೀರಿಯಾ ಇದೆಯೇ ಎಂದು ತಿಳಿಯಲು ಉಸಿರಿನ ಪರೀಕ್ಷೆಯೂ ಮಲದ ಪರೀಕ್ಷೆಯೂ ಇವೆ. ಅವುಗಳಿಗೆ ಮೊದಲು ಎರಡು ವಾರ ಆಮ್ಲ ತಗ್ಗಿಸುವ ಮಾತ್ರೆಯನ್ನೂ ನಾಲ್ಕು ವಾರ ಆ್ಯಂಟಿಬಯೋಟಿಕ್ಕನ್ನೂ ನಿಲ್ಲಿಸಿರಬೇಕು. ಚಿಕಿತ್ಸೆಯೆಂದರೆ ಸಾಮಾನ್ಯವಾಗಿ 14 ದಿನಗಳ ಕಾಲ ಆಮ್ಲ ತಗ್ಗಿಸುವ ಮಾತ್ರೆಯೊಂದಿಗೆ ಎರಡು ಆ್ಯಂಟಿಬಯೋಟಿಕ್, ಕೆಲವೊಮ್ಮೆ ಜೊತೆಗೆ ಬಿಸ್ಮತ್ ಎಂಬ ಲೋಹದ ಲವಣ. ಮುಗಿದು ನಾಲ್ಕು ವಾರವಾದರೂ ಕಳೆದ ಮೇಲೆ ಬ್ಯಾಕ್ಟೀರಿಯಾ ಹೋಗಿದೆಯೇ ಎಂದು ಮತ್ತೆ ಪರೀಕ್ಷೆ. ನೋವಿನ ಮಾತ್ರೆಯೇ ಕಾರಣವಾಗಿದ್ದರೆ ವೈದ್ಯರನ್ನು ಕೇಳಿ ಅದನ್ನು ನಿಲ್ಲಿಸುವುದೋ ಬದಲಿಸುವುದೋ ಮೊದಲ ಕೆಲಸ. ಹೃದಯಕ್ಕೆಂದು ಆಸ್ಪಿರಿನ್ ನುಂಗುವವರು ತಾವಾಗಿಯೇ ಬಿಡಬಾರದು. ಮಲ ಟಾರಿನಂತೆ ಕಪ್ಪಾದರೆ, ವಾಂತಿಯಲ್ಲಿ ರಕ್ತ ಕಂಡರೆ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಲ್ಲಿ ಪದಗಳ ಯಾವ ತೊಡಕೂ ಇಲ್ಲ.

ಸದ್ಯಕ್ಕೆ ಶೀರ್ಷಿಕೆಯಲ್ಲಿ ‘ಗ್ಯಾಸ್ಟ್ರೈಟಿಸ್’ ಎಂಬುದನ್ನು ಉಳಿಸಿ, ಅದರ ಕೆಳಗೆ ‘ಜಠರದ ಲೋಳೆಪೊರೆಯ ಉರಿಯೂತ, ಉರಿ ಇಲ್ಲದೆಯೂ ಇರಬಹುದು’ ಎಂದು ಬರೆದಿದ್ದೇನೆ. ಪದವನ್ನು ಕೊಟ್ಟು ಅದರ ಅರ್ಧವನ್ನು ಅಲ್ಲಿಯೇ ಅಲ್ಲಗಳೆಯುವುದು ನನಗೇ ಹಿತವೆನಿಸುತ್ತಿಲ್ಲ. ಹಿಂದಿಯವರ ‘ಜಠರಶೋಥ’ದಲ್ಲಿ ಉರಿ ಇಲ್ಲ ನಿಜ, ಆದರೆ ‘ಶೋಥ’ ನಮ್ಮ ಓದುಗರಿಗೆ ತಿಳಿಯದು. ನಿಮ್ಮ ಸೀಮೆಯಲ್ಲಿ ಉರಿಯ ಸೋಂಕಿಲ್ಲದ, ಒಳಗೊಳಗೇ ಪೊರೆ ಕೆಡುವುದನ್ನು ಸೂಚಿಸುವ ಪದವೇನಾದರೂ ಬಳಕೆಯಲ್ಲಿದೆಯೇ?