ಕ್ರೂಸಿನ ಫಾರ್ಮಲ್ ರಾತ್ರಿಗೆ ಭಾವ ಏನು ಹಾಕ್ಕೋಬೇಕು

ಅಕ್ಕಾ, ನಿನ್ನ ಮೆಸೇಜ್ ಈಗ ನೋಡ್ದೆ. ಡಿಸೆಂಬರ್ ಮೊದಲ ವಾರ ಸಿಂಗಪುರದಿಂದ 4 ರಾತ್ರಿ ಹಡಗು, ಅದರಲ್ಲಿ ಒಂದು ಫಾರ್ಮಲ್ ರಾತ್ರಿ. ಭಾವನಿಗೆ ಬೋ ಟೈ ಜೊತೆ ಹಾಕೋ ಟಕ್ಸೀಡೋ ಕೋಟು ತಗೋಬೇಕಾ, ನಿಮ್ಮ ಮಾವನೋರು ಪಂಚೇಲೇ ಬರ್ತೀನಿ ಅಂತಾರೆ ನಡೆಯುತ್ತಾ, ಪುಟ್ಟ ಜೀನ್ಸ್ ಬಿಟ್ಟು ಬೇರೇನೂ ಹಾಕಲ್ಲ ಅಂತಾನೆ ಏನ್ ಮಾಡ್ಲಿ. ಇಷ್ಟೇ ತಾನೇ? ಟೈಪ್ ಮಾಡೋಕೆ ಕೂತ್ರೆ ಸಂಜೆ ಆಗುತ್ತೆ, ಮಾತಾಡೇ ಬಿಡ್ತೀನಿ. ಉದ್ದ ಆಗುತ್ತೆ, ಕುಕ್ಕರ್ ಇಟ್ಟು ಕೇಳು.

ಟಕ್ಸೀಡೋ ಬೇಡ. ದುಡ್ಡು ದಂಡ. ಇವತ್ತು ಬಹುತೇಕ ಹಡಗುಗಳಲ್ಲಿ ಫಾರ್ಮಲ್ ಅಂದ್ರೆ ಗಾಢ ಬಣ್ಣದ ಸೂಟು, ಬಿಳಿ ಶರ್ಟು, ಟೈ. ಅಷ್ಟಿದ್ರೆ ಯಾರೂ ತಿರುಗಿ ನೋಡಲ್ಲ. ಕಟ್ಟುನಿಟ್ಟು ಅಂತ ಹೆಸರಾಗಿರೋ ಕ್ಯುನಾರ್ಡ್ ಕಂಪನಿ ಹಡಗಲ್ಲೂ ಗಾಲಾ ಸಂಜೆಗೆ ಟೈ ಜೊತೆ ಕಪ್ಪು ಸೂಟು ಒಪ್ತಾರೆ. ಇನ್ನೊಂದು ತುದೀಲಿ ನಾರ್ವೀಜಿಯನ್ ಕಂಪನಿಯವರಲ್ಲಿ ಫಾರ್ಮಲ್ ಕಡ್ಡಾಯವೇ ಅಲ್ಲ. ಅದಕ್ಕೇ ಬೇರೆ ಯಾರದೋ ಹಡಗಿನ ಕಥೆ ಕೇಳಿ ತಲೆ ಕೆಡಿಸ್ಕೋಬೇಡ, ನಿನ್ನ ಬುಕಿಂಗ್ ಕಾಗದದಲ್ಲಿ ಉಡುಗೆ ಬಗ್ಗೆ ಏನು ಬರ್ದಿದ್ದಾರೋ ಅದನ್ನ ಓದು. ಆ ನಿಯಮ ಇರೋದೂ ಸಾಮಾನ್ಯವಾಗಿ ಮುಖ್ಯ ಊಟದ ಹಾಲ್‌ಗೆ. ಮೇಲಿನ ಬಫೆಗೆ ಮಾಮೂಲಿ ಬಟ್ಟೇಲಿ ಹೋಗಿ ತಿಂದು ಬರಬಹುದು.

ಈಗ ಭಾವನ ಕೋಟು. ಮದುವೆ ರಿಸೆಪ್ಷನ್‌ಗೆ ಹೊಲಿಸಿದ್ದು ಬೀರುವಲ್ಲಿ ಇರುತ್ತಲ್ಲ, ಮೊದಲು ಅದನ್ನ ತೆಗಿ. ಕಡುನೀಲಿ, ಕಪ್ಪು, ಇದ್ದಿಲು ಬೂದು ಆಗಿದ್ರೆ ಸರಿ. ಮಿರಮಿರ ಮಿಂಚೋ ಮರೂನ್ ಆಗಿದ್ರೆ ಅಲ್ಲೇ ಇರಲಿ, ಫ್ಲ್ಯಾಶ್ ಬಿದ್ರೆ ಮುಖಕ್ಕಿಂತ ಕೋಟೇ ಹೊಳೆಯುತ್ತೆ. ಬಣ್ಣ ಸರಿ ಇದ್ರೆ ಭಾವನಿಗೆ ಹಾಕ್ಸಿ ಬೆನ್ನ ಹಿಂದೆ ನಿಂತ್ಕೊಂಡು ಭುಜ ನೋಡು. ತೋಳಿನ ಹೊಲಿಗೆ ಭುಜದ ಮೂಳೆ ಮುಗಿಯೋ ಕಡೇನೇ ಮುಗೀಬೇಕು. ಹೊರಗೆ ಜೋತುಬಿದ್ರೆ ಆ ಕೋಟು ಬಿಟ್ಬಿಡು. ಭುಜ ಸರಿ ಮಾಡೋದು ಅಂದ್ರೆ ತೋಳು, ಕಾಲರ್, ಲೈನಿಂಗ್ ಎಲ್ಲ ಬಿಚ್ಚಬೇಕು, ಒಳ್ಳೆ ಟೈಲರ್ ಆ ಕೆಲಸ ಒಪ್ಪಲ್ಲ, ಒಪ್ಪಿದವನು ಕೆಡಿಸ್ತಾನೆ. ಸೊಂಟದ ಮಾತು ಬೇರೆ. ಗುಂಡಿ ಹಾಕಿದಾಗ ಹೊಟ್ಟೆ ಮೇಲೆ ಇಂಟು ಗುರುತಿನ ಹಾಗೆ ಸುಕ್ಕು ಎಳೆದ್ರೆ ಬಿಗಿ ಅಂತ ಅರ್ಥ. ಒಳಗೆ ಬಟ್ಟೆ ಮಡಚಿ ಬಿಟ್ಟಿದ್ರೆ ಒಂದಿಂಚು, ಒಂದೂವರೆ ಇಂಚು ಬಿಡಿಸಬಹುದು. ತೋಳು ಎಷ್ಟುದ್ದ ಅಂದ್ರೆ, ಕೈ ಇಳಿಬಿಟ್ಟಾಗ ಶರ್ಟಿನ ಕಫ್ ಅರ್ಧ ಇಂಚು ಆಚೆ ಕಾಣಬೇಕು.

ಒಂದು ಮಾತು, ನಗಬೇಡ. ಕೋಟಿನ ಹಿಂದೆ, ಕೆಳಗಡೆ ಸೀಳಿರುತ್ತಲ್ಲ, ಅಲ್ಲಿ ಅಂಗಡಿಯವರು ಅಡ್ಡಡ್ಡ ಎರಡು ಎಳೆ ಕಚ್ಚಾ ಹೊಲಿಗೆ ಹಾಕಿರ್ತಾರೆ. ಮಡಿಕೆ ಕೆಡದಿರಲಿ ಅಂತ ಹಾಕಿದ್ದು ಅದು, ಹಾಕ್ಕೊಳೋ ಮುಂಚೆ ಕತ್ತರಿಸಬೇಕು. ಜೇಬುಗಳಿಗೂ ಹಾಗೇ ಇರುತ್ತೆ. ತೋಳಿನ ತುದೀಲಿ ಕಂಪನಿ ಹೆಸರಿನ ಚೀಟಿ ಹೊಲಿದಿರ್ತಾರೆ, ಅದೂ ತೆಗೆಯೋಕೇ ಇರೋದು. ನಮ್ಮ ಕಡೆ ಮದುವೆ ಹಾಲ್‌ನಲ್ಲಿ ನಿಂತು ಎಣಿಸು, ಹತ್ತು ಕೋಟಲ್ಲಿ ನಾಲ್ಕಕ್ಕಾದ್ರೂ ಆ ಚೀಟಿ ಹಾಗೇ ಇರುತ್ತೆ. ಇನ್ನು ಎರಡು ಗುಂಡಿ ಕೋಟಾದ್ರೆ ಮೇಲಿನದು ಮಾತ್ರ ಹಾಕೋದು, ಕೆಳಗಿನದು ಯಾವತ್ತೂ ಇಲ್ಲ. ಕೂತಾಗ ಮೇಲಿನದನ್ನೂ ಬಿಚ್ಚೋದು.

ಹಳೆ ಕೋಟು ಆಗಲಿಲ್ಲ ಅಂದ್ರೆ ಹೊಸ ಸೂಟು ಹೊಲಿಸಬೇಡ, ಕತ್ತಿನವರೆಗೂ ಮುಚ್ಚೋ ಬಂದ್‌ಗಲಾ ಹೊಲಿಸು. ಕಪ್ಪು ಇಲ್ಲ ಕಡುನೀಲಿ, ಕಸೂತಿ ಗಿಸೂತಿ ಇಲ್ಲದ್ದು. ಟೈ ರಗಳೆ ಇಲ್ಲ, ಹಡಗಲ್ಲಿ ನಮ್ಮ ರಾಷ್ಟ್ರೀಯ ಉಡುಗೆ ಅಂತ ಗೌರವವಾಗಿ ನಡೆಯುತ್ತೆ, ವಾಪಸ್ ಬಂದ ಮೇಲೆ ಇಲ್ಲಿ ಮದುವೆ ಮುಂಜಿಗೂ ಆಗುತ್ತೆ. 58 ಇಂಚು ಪನ್ನದ ಬಟ್ಟೆಯಾದ್ರೆ ಕೋಟಿಗೆ ಎರಡು ಕಾಲು ಮೀಟರ್, ಪ್ಯಾಂಟಿಗೆ ಒಂದು ಕಾಲು ಮೀಟರ್ ಲೆಕ್ಕ. ಭಾವ ಸ್ವಲ್ಪ ದಪ್ಪ ಇರೋದ್ರಿಂದ ಟೈಲರ್ ಹತ್ರ ಅಳತೆ ಕೊಟ್ಟು, ಎಷ್ಟು ಬೇಕು ಅಂತ ಕೇಳ್ಕೊಂಡೇ ಚಿಕ್ಕಪೇಟೆಗೆ ಹೋಗು. ಪಾಲಿಯೆಸ್ಟರ್ ಜಾಸ್ತಿ ಇರೋದು ಬೇಡ, ಡೆಕ್ ಮೇಲೆ ಆ ಸೆಕೇಲಿ ಬೆವರು ಆರಲ್ಲ. ತೆಳು ಉಣ್ಣೆ ಆದ್ರೆ ಮೇಲು. ಕತ್ತಿನ ಕೊಕ್ಕೆ ಹಾಕಿದ ಮೇಲೂ ಎರಡು ಬೆರಳು ಒಳಗೆ ಹೋಗಬೇಕು, ಇಲ್ಲಾಂದ್ರೆ ಸೂಪ್ ಮುಗಿಯೋ ಹೊತ್ತಿಗೆ ಉಸಿರು ಕಟ್ಟುತ್ತೆ. ಒಳಗೆ ಮಾಮೂಲಿ ಕಾಲರ್ ಶರ್ಟ್ ಹಾಕಿದ್ರೆ ಕತ್ತಲ್ಲಿ ಗಂಟು ಗಂಟಾಗಿ ಉಬ್ಬುತ್ತೆ, ಪಟ್ಟಿ ಕಾಲರಿಂದು ತಗೋ.

ದಿನಗಳ ಲೆಕ್ಕ ಹಾಕ್ಕೋ. ಧನುರ್ಮಾಸ ಹಿಡಿಯೋ ಮುಂಚೆ ಮದುವೆಗಳ ಸಾಲು, ಜಯನಗರದ ಟೈಲರ್ ಆಗಲಿ ಕಮರ್ಷಿಯಲ್ ಸ್ಟ್ರೀಟಿನವನಾಗಲಿ ನವೆಂಬರ್ ಕೊನೇಲಿ ಕೈಗೆ ಸಿಗಲ್ಲ. ದೀಪಾವಳಿ ಆಸುಪಾಸಲ್ಲೇ ಬಟ್ಟೆ ಕೊಟ್ಟು ಎರಡು ಟ್ರಯಲ್ ಬೇಕು ಅಂತ ಮೊದಲೇ ಹೇಳು. ಮೊದಲನೇ ಟ್ರಯಲ್‌ಗೆ ಕಚ್ಚಾ ಹೊಲಿಗೇಲೇ ಇರಬೇಕು, ಪೂರ್ತಿ ಮುಗಿಸಿ ಟ್ರಯಲ್ ಅಂತ ಕರೆದ್ರೆ ಅದು ಕಾಟಾಚಾರ. ಭಾವ ಹೋಗುವಾಗ ಅವತ್ತು ಹಾಕ್ಕೊಳೋ ಶೂಸೇ ಹಾಕ್ಕೊಂಡು ಹೋಗಲಿ, ಚಪ್ಪಲೀಲಿ ಹೋದ್ರೆ ಪ್ಯಾಂಟಿನ ಉದ್ದ ತಪ್ಪುತ್ತೆ.

ಬಾಡಿಗೆ ಕೋಟು ತರೋದಾದ್ರೆ ಎದೆ ಭಾಗ ಬೆಳಕಿಗೆ ಓರೆ ಹಿಡಿದು ನೋಡು. ಅಗ್ಗದ ಕೋಟಲ್ಲಿ ಎದೆ ಆಕಾರ ನಿಲ್ಲೋಕೆ ಒಳಗೆ ಇಡೋ ಗಟ್ಟಿ ಬಟ್ಟೆ, ಕ್ಯಾನ್ವಾಸ್, ಹೊಲಿದಿರಲ್ಲ, ಅಂಟು ಹಾಕಿ ಕೂರ್ಸಿರ್ತಾರೆ. ಇಸ್ತ್ರಿ, ಡ್ರೈವಾಶು ಅಂತ ಬಿಸಿ ಬಿದ್ದೂ ಬಿದ್ದೂ ಅಂಟು ಬಿಟ್ಕೊಳ್ಳುತ್ತೆ, ಹಪ್ಪಳ ಉಬ್ಬಿದ ಹಾಗೆ ಗುಳ್ಳೆ ಏಳುತ್ತೆ. ಎದ್ದ ಮೇಲೆ ಕೂರಲ್ಲ.

ಟೈ ಕಟ್ಟೋದು ಭಾವನಿಗೆ ಮರೆತೇ ಹೋಗಿರುತ್ತೆ. ಅಗಲದ ತುದಿ ಬಲಗಡೆ, ಸಣ್ಣ ತುದಿಗಿಂತ ಸುಮಾರು ಒಂದಡಿ ಕೆಳಗೆ ಇರಲಿ. ಅಗಲದ್ದನ್ನ ಸಣ್ಣದರ ಮೇಲಿಂದ ಎಡಕ್ಕೆ, ಅಡಿಯಿಂದ ಬಲಕ್ಕೆ, ಮತ್ತೆ ಮೇಲಿಂದ ಎಡಕ್ಕೆ. ಆಮೇಲೆ ಕತ್ತಿನ ಹತ್ರ ಕೆಳಗಿಂದ ಮೇಲಕ್ಕೆ ತೂರ್ಸಿ, ಮುಂದೆ ಆಗಿರೋ ಕುಣಿಕೆ ಒಳಗೆ ಇಳಿಸಿ ಎಳಿ. ಬಿಗಿ ಮಾಡುವಾಗ ಗಂಟಿನ ಕೆಳಗೆ ತೋರುಬೆರಳಲ್ಲಿ ಒತ್ತಿ ಹಿಡ್ಕೊಂಡ್ರೆ ಮಧ್ಯೆ ಚೆಂದದ ಗುಳಿ ಬೀಳುತ್ತೆ. ತುದಿ ಬೆಲ್ಟಿನ ಬಕಲ್ ಮುಟ್ಟಬೇಕು. ಗಿಡ್ಡ ಆದ್ರೆ ಎಳೆದು ಸರಿ ಮಾಡೋಕೆ ಹೋಗದೆ ಪೂರ್ತಿ ಬಿಚ್ಚಿ, ಅಗಲದ್ದನ್ನ ಎರಡಿಂಚು ಇನ್ನೂ ಕೆಳಗೆ ಇಟ್ಟು ಮತ್ತೆ ಕಟ್ಟಲಿ.

ಶೂಸು ಕಪ್ಪು, ಲೇಸಿಂದು, ಬೆಲ್ಟೂ ಕಪ್ಪು. ಕಾಲುಚೀಲ ಉದ್ದಂದು, ಕೂತಾಗ ಕಾಲಿನ ಕೂದಲು ಕಾಣಬಾರದು.

ಮಾವನೋರ ಪಂಚೆ. ಕ್ಯುನಾರ್ಡ್‌ನಂಥವರು ಆಯಾ ದೇಶದ ಫಾರ್ಮಲ್ ಉಡುಗೆ ನಡೆಯುತ್ತೆ ಅಂತ ಬರ್ದೇ ಹೇಳ್ತಾರೆ. ನಿಮ್ಮ ಕಂಪನಿಗೆ ಒಂದು ಮೇಲ್ ಹಾಕು, ರೇಷ್ಮೆ ಪಂಚೆ, ತುಂಬುತೋಳಿನ ರೇಷ್ಮೆ ಜುಬ್ಬ, ಶಲ್ಯ ಹಾಕ್ಕೊಂಡಿರೋ ಫೋಟೋ ಜೊತೆಗಿಡು, ಬಂದ ಉತ್ತರ ಫೋನಲ್ಲಿ ಇರಲಿ. ಬಾಗಿಲಲ್ಲಿ ನಿಂತಿರೋ ಹುಡುಗನಿಗೆ ಪಂಚೆ ಅಂದ್ರೇನು ಅಂತ ವಿವರಿಸೋ ಕಷ್ಟ ತಪ್ಪುತ್ತೆ. ಮಧ್ಯದಲ್ಲಿ ಎತ್ತಿ ಕಟ್ಟಬಾರದು ಅಂತ ಮಾತ್ರ ಅವರಿಗೆ ಈಗಲೇ ಹೇಳಿಡು. ಮೊಣಕಾಲು ಕಂಡ್ರೆ ಅವರ ಲೆಕ್ಕದಲ್ಲಿ ಅದು ಚಡ್ಡಿ, ಫಾರ್ಮಲ್ ರಾತ್ರಿ ಮುಖ್ಯ ಹಾಲಲ್ಲಿ ಚಡ್ಡಿ ಬಿಡಲ್ಲ. ಹಡಗು ಸ್ವಲ್ಪ ಅಲುಗಾಡುತ್ತೆ, ಮೆಟ್ಟಿಲು ಬೇರೆ, ಅಂಚು ಕಾಲಿಗೆ ಸಿಕ್ಕಿದ್ರೆ ಮುಗ್ಗರಿಸ್ತಾರೆ. ಪಾದದ ಗಂಟಿನ ಮಟ್ಟಕ್ಕೆ ಉಟ್ಟು ಮೇಲೆ ಬೆಲ್ಟ್ ಹಾಕ್ಲಿ, ಕಚ್ಚೆ ಅಭ್ಯಾಸ ಇದ್ರೆ ಅದೇ ವಾಸಿ. ಹವಾಯಿ ಚಪ್ಪಲಿ ಬೇಡ, ಕಾಲು ಮುಚ್ಚೋ ಮೋಜಡಿ ಇರಲಿ. ಏಸಿ ಗಡಗಡ ಅನ್ಸುತ್ತೆ, ಶಲ್ಯ ಕೆಲಸಕ್ಕೇ ಬರುತ್ತೆ.

ಪುಟ್ಟನಿಗೆ ಕೋಟೇ ಬೇಡ, ಬೆಳೆಯೋ ಹುಡುಗ, ಮುಂದಿನ ವರ್ಷಕ್ಕೆ ತೋಳು ಸಾಲಲ್ಲ. ಕಪ್ಪು ಪ್ಯಾಂಟು, ಇಸ್ತ್ರಿ ಮಾಡಿದ ಬಿಳಿ ತುಂಬುತೋಳಿನ ಶರ್ಟು, ಅಪ್ಪನ ಒಂದು ಟೈ, ಸ್ಕೂಲಿನ ಕಪ್ಪು ಶೂಸಿಗೇ ಪಾಲಿಶ್. ಜೀನ್ಸ್ ಉಳಿದ ಮೂರು ರಾತ್ರಿ ಹಾಕ್ಕೊಳ್ಲಿ.

ಪ್ಯಾಕಿಂಗ್ ಹೇಳದೆ ಬಿಟ್ರೆ ಇಷ್ಟೆಲ್ಲ ಹೇಳಿದ್ದೂ ದಂಡ. ಇಸ್ತ್ರಿಪೆಟ್ಟಿಗೆ, ಆ ಕೈಯಲ್ಲಿ ಹಿಡಿಯೋ ಸ್ಟೀಮರ್, ಎರಡೂ ತಗೊಂಡು ಹೋಗಬೇಡ. ಬೆಂಕಿ ಭಯಕ್ಕೆ ಹಡಗಿಗೆ ಹತ್ತುವಾಗ್ಲೇ ಕಿತ್ತಿಟ್ಕೋತಾರೆ. ಕೋಟಿನ ಒಂದು ಭುಜ ಒಳಮೈ ಹೊರಗೆ ಬರೋ ಹಾಗೆ ತಿರುಗಿಸು, ಇನ್ನೊಂದು ಭುಜ ಅದರೊಳಗೆ ಕೂರ್ಸು, ಲೈನಿಂಗ್ ಆಚೆ ಬರಲಿ. ಅದನ್ನ ಮೆತ್ತಗಿನ ಟವೆಲ್ ಮೇಲಿಟ್ಟು ಮಧ್ಯಕ್ಕೆ ಒಂದೇ ಒಂದು ಸಲ ಮಡಚು. ಸೂಟ್‌ಕೇಸಲ್ಲಿ ಮೇಲುಗಡೆ ಇರಲಿ. ಹತ್ತಿದ ದಿನ ದೊಡ್ಡ ಪೆಟ್ಟಿಗೆಗಳು ರೂಮಿಗೆ ಸೇರೋದು ಸಂಜೆ ಆಗುತ್ತೆ, ಅದಕ್ಕೇ ಸಾಮಾನ್ಯವಾಗಿ ಫಾರ್ಮಲ್ ಊಟ ಮೊದಲನೇ ರಾತ್ರಿ ಇಡಲ್ಲ, ಪೂರ್ತಿ ಸಮುದ್ರದಲ್ಲೇ ಇರೋ ದಿನ ಇಡ್ತಾರೆ. ಪೆಟ್ಟಿಗೆ ಬಂದ ತಕ್ಷಣ ಕೋಟು ತೆಗೆದು ನೇತುಹಾಕು. ಸುಕ್ಕಿದ್ರೆ ಬಾತ್‌ರೂಮಲ್ಲಿ ಹ್ಯಾಂಗರಿಗೆ ಹಾಕಿ, ನೀರು ಸಿಡಿಯದ ಹಾಗೆ ಬಿಸಿನೀರು ಬಿಟ್ಟು ಹದಿನೈದು ನಿಮಿಷ ಬಾಗಿಲು ಮುಚ್ಚಿಡು, ಆಮೇಲೆ ಹೊರಗೆ ತೆಗೆದು ಪೂರ್ತಿ ಆರಲಿ. ಹಸಿ ಇರುವಾಗ್ಲೇ ಹಾಕ್ಕೊಂಡ್ರೆ ಮೊಣಕೈ ಹತ್ರ ಹೊಸ ಸುಕ್ಕು ಬೀಳುತ್ತೆ. ಬಿಳಿ ಶರ್ಟಿಗೆ ಮಾತ್ರ ಈ ಉಪಾಯ ಸಾಲಲ್ಲ. ಅದನ್ನ ಹಿಂದಿನ ದಿನಾನೇ ಹಡಗಿನ ಲಾಂಡ್ರಿಗೆ ಇಸ್ತ್ರಿಗೆ ಕೊಡು, ಅವತ್ತು ಎಲ್ಲರೂ ಕೊಡೋದ್ರಿಂದ ಸಂಜೆ ಒಳಗೆ ಬರಲ್ಲ. ದುಡ್ಡು ಬಟ್ಟೆ ಲೆಕ್ಕದಲ್ಲಿ ತಗೋತಾರೆ.

ಆ ರಿಸೆಪ್ಷನ್ ಕೋಟಿನ ಫೋಟೋ ಹಾಕು ಅಕ್ಕಾ. ಮುಂದೆಯಿಂದ ಗುಂಡಿ ಹಾಕಿರೋದು ಒಂದು, ಬೆನ್ನಿನ ಕಡೆಯಿಂದ ಎರಡೂ ಭುಜ ಕಾಣೋ ಹಾಗೆ ಒಂದು. ಭಾವ ಹೊಟ್ಟೆ ಒಳಗೆ ಎಳ್ಕೋಬಾರದು.