ಸಹಾಯ ಬೇಕು: ಫರ್ನೇಸ್‌ನಿಂದ ತಣ್ಣನೆ ಗಾಳಿ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ನಾವಿರುವುದು ಅಮೆರಿಕದ ಮಿಶಿಗನ್‌ನಲ್ಲಿ, ಡೆಟ್ರಾಯಿಟ್ ಹತ್ತಿರ. ನಿನ್ನೆ ರಾತ್ರಿಯಿಂದ ಮನೆ ಬೆಚ್ಚಗಿಡುವ ಗ್ಯಾಸ್ ಫರ್ನೇಸ್ ಬಿಸಿ ಗಾಳಿ ಕೊಡುತ್ತಿಲ್ಲ. ಮನೆಯ ಬಿಸಿ ಎಷ್ಟಿರಬೇಕೆಂದು ಹೇಳುವ ಥರ್ಮೋಸ್ಟಾಟ್‌ನಲ್ಲಿ 70 ಡಿಗ್ರಿ ಫ್ಯಾರನ್‌ಹೀಟ್ ಇಟ್ಟಿದ್ದೇನೆ, ಮನೆಯೊಳಗೆ 58ಕ್ಕೆ ಇಳಿದಿದೆ. ಊರಿಂದ ಅಮ್ಮ ಬಂದಿದ್ದಾರೆ. ಎರಡು ಸ್ವೆಟರ್ ಹಾಕಿಕೊಂಡು, ಕಂಬಳಿ ಹೊದ್ದು ಕೂತಿದ್ದಾರೆ. ನೋಡಿದರೆ ಸಂಕಟ ಆಗುತ್ತದೆ.

ಫರ್ನೇಸ್‌ನ ಫ್ಯಾನ್ ‘ಆಟೋ’ದಲ್ಲೇ ಇದೆ. ‘ಆನ್’ನಲ್ಲಿದ್ದರೆ ಉರಿ ಇಲ್ಲದಾಗಲೂ ಸುಮ್ನೆ ಗಾಳಿ ಬೀಸುತ್ತಿರುತ್ತದೆ, ಹಾಗಾಗಿ ಮೊದಲು ಅದನ್ನೇ ನೋಡಿದೆ. ಫಿಲ್ಟರ್‌ನಲ್ಲಿ ಧೂಳು ಜಾಸ್ತಿ ಇತ್ತು, ಹೊಸದು ಹಾಕಿದೆ. ಏನೂ ಬದಲಾಗಲಿಲ್ಲ.

ಆಮೇಲೆ ಬೇಸ್‌ಮೆಂಟ್‌ಗೆ ಹೋಗಿ ಫರ್ನೇಸ್‌ನ ಕಿಂಡಿಯಲ್ಲಿ ಇಣುಕಿ ಕೂತೆ. ಮೊದಲು ಸಣ್ಣ ಮೋಟಾರ್ ಗುಂಯ್ ಅನ್ನುತ್ತದೆ. ಉರಿ ಹತ್ತಿಸುವ ಇಗ್ನೈಟರ್ ಕೆಂಪಗೆ ಕಾಯುತ್ತದೆ. ನೀಲಿ ಉರಿ ಭಗ್ ಅಂತ ಹತ್ತಿಕೊಳ್ಳುತ್ತದೆ, ನಾಲ್ಕೈದು ಸೆಕೆಂಡಿಗೇ ಆರಿಹೋಗುತ್ತದೆ. ಮೂರು ಸಲ ಹೀಗೇ ಆಗಿ, ಆಮೇಲೆ ಬರೀ ತಣ್ಣನೆ ಗಾಳಿ.

ನನಗೆ ಅನುಮಾನ ಇರುವುದು ಫ್ಲೇಮ್ ಸೆನ್ಸರ್ ಮೇಲೆ, ಅಂದರೆ ಉರಿ ಹತ್ತಿದೆಯಾ ಅಂತ ಗುರುತಿಸುವ ಲೋಹದ ಕಡ್ಡಿ ಮೇಲೆ. ಆ ಕಡ್ಡಿಗೆ ಕೊಳೆ ಹಿಡಿದರೆ, ಉರಿ ಹತ್ತಿದ್ದು ಫರ್ನೇಸ್‌ನ ಕಂಟ್ರೋಲ್ ಬೋರ್ಡಿಗೆ ಗೊತ್ತಾಗದೆ ಗ್ಯಾಸ್ ನಿಲ್ಲಿಸಿಬಿಡುತ್ತದೆ, ಅಲ್ವಾ? ಕರೆಂಟ್, ಗ್ಯಾಸ್ ಎರಡೂ ಬಂದ್ ಮಾಡಿ, ಅದನ್ನು ಬಿಚ್ಚಿ ಸ್ಟೀಲ್ ವುಲ್‌ನಿಂದ ಮೆಲ್ಲಗೆ ಉಜ್ಜೋಣ ಅಂದುಕೊಂಡಿದ್ದೇನೆ. ನಿಮ್ಮಲ್ಲಿ ಯಾರಾದರೂ ಸ್ವತಃ ಮಾಡಿದ್ದೀರಾ? ಬಿಚ್ಚುವಾಗ ಪಕ್ಕದ ಇಗ್ನೈಟರ್‌ಗೆ ಕೈ ತಾಗಿ ಒಡೆದರೆ ಅನ್ನುವ ಭಯ ನನಗೆ.

ಗ್ಯಾಸ್ ವಾಸನೆ ಇಲ್ಲ, ಕಾರ್ಬನ್ ಮೊನಾಕ್ಸೈಡ್ ಅಲಾರಂ ಕೂಡ ಕೂಗಿಲ್ಲ. ರಿಪೇರಿಯವರು ಸಿಗುವುದು ಸೋಮವಾರವೇ. ಗೊತ್ತಿದ್ದವರು ದಯವಿಟ್ಟು ಇವತ್ತೇ ಹೇಳಿ, ಫೋಟೋ ಬೇಕಿದ್ದರೆ ಈಗಲೇ ಹಾಕುತ್ತೇನೆ.